ಮೊದಲ ಸ್ಪ್ರಿಂಗ್ ಏರ್ ರೈಫಲ್: ನಳಿಕೆ ಮಡಚುವುದೋ, ಕೆಳಗಿನ ಲಿವರೋ, ಪಕ್ಕದ ಲಿವರೋ? ಪದೇ ಪದೇ ಕೇಳುವ ಪ್ರಶ್ನೆಗಳು

ಜಾತ್ರೆಯಲ್ಲಿ ಬಲೂನಿಗೆ ಗುರಿಯಿಟ್ಟವರಿಗೆಲ್ಲ ಸ್ಪ್ರಿಂಗ್ ಏರ್ ರೈಫಲ್ ಪರಿಚಯವೇ. ಬಲೂನಿನವನು ನಳಿಕೆಯನ್ನು ಟಪ್ ಅಂತ ತಟ್ಟಿ ಮಡಚುತ್ತಾನೆ. ಬಾಯಲ್ಲಿ ಇಟ್ಟುಕೊಂಡಿದ್ದ ಛರ್ರೆಗಳಲ್ಲಿ ಒಂದನ್ನು ತೆಗೆದು ತೂತಿಗೆ ತುರುಕುತ್ತಾನೆ (ಅದು ಸೀಸ, ನೀವು ಬಾಯಿಗೆ ಹಾಕಬೇಡಿ). ನಳಿಕೆ ಮೇಲೆತ್ತಿ ಕೂರಿಸಿ ನಮ್ಮ ಕೈಗೆ ಕೊಡುತ್ತಾನೆ. ನಮ್ಮ ಏಟು ಬಲೂನುಗಳ ನಡುವಿನ ಹಲಗೆಗೆ ಬೀಳುತ್ತದೆ.

ಆ ಆಟ ಮನಸ್ಸಿನಲ್ಲಿ ಉಳಿದು, ದೊಡ್ಡವರಾದ ಮೇಲೆ ಒಂದು ರೈಫಲ್ ಕೊಳ್ಳೋಣ ಅಂತ ಹೊರಡುವವರು ಬಹಳ ಜನ. ಅಂಗಡಿಗೆ ಹೋದರೆ ಮೊದಲ ಗೊಂದಲ ಶುರುವಾಗುವುದೇ ಕಾಕ್ ಮಾಡುವ ವಿಧಾನದಲ್ಲಿ. ಆ ಬಗ್ಗೆ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಕಾಕ್ ಮಾಡುವುದು ಅಂದರೆ ಒಳಗೆ ಏನಾಗುತ್ತದೆ?

ಈ ರೈಫಲ್ಲಿನಲ್ಲಿ ಗಾಳಿ ಮೊದಲೇ ತುಂಬಿರುವುದಿಲ್ಲ. ನಳಿಕೆಯ ಹಿಂದೆ ಒಂದು ದಪ್ಪ ಕೊಳವೆ ಇದೆ. ಅದರೊಳಗೆ ಒಂದು ಪಿಸ್ಟನ್, ಅದರ ಹಿಂದೆ ಗಟ್ಟಿಯಾದ ಸ್ಪ್ರಿಂಗ್. ನೀವು ಲಿವರ್ ಎಳೆದಾಗ ಪಿಸ್ಟನ್ ಹಿಂದಕ್ಕೆ ಸರಿದು ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಕಟಕ್ ಅಂತ ಒಂದು ಕೊಂಡಿ ಪಿಸ್ಟನ್ನನ್ನು ಹಿಡಿದುಕೊಳ್ಳುತ್ತದೆ. ಟ್ರಿಗರ್ ಒತ್ತಿದರೆ ಕೊಂಡಿ ಬಿಡುತ್ತದೆ. ಪಿಸ್ಟನ್ ಮುಂದಕ್ಕೆ ನುಗ್ಗಿ ಎದುರಿಗಿದ್ದ ಗಾಳಿಯನ್ನು ಹಿಂಡುತ್ತದೆ. ಆ ಗಾಳಿ ಸಣ್ಣ ತೂತಿನಿಂದ ಹೊರಟು ಪೆಲೆಟ್ಟನ್ನು, ಅಂದರೆ ಆ ಛರ್ರೆಯನ್ನು, ತಳ್ಳುತ್ತದೆ. ಸೈಕಲ್ ಪಂಪಿನ ಬಾಯಿ ಮುಚ್ಚಿ ಒಂದೇ ಏಟಿಗೆ ಗುದ್ದಿದ ಹಾಗೆ.

ಅಂದರೆ ಪೆಲೆಟ್ಟಿನ ಶಕ್ತಿಯೆಲ್ಲ ನಿಮ್ಮ ತೋಳಿನಿಂದಲೇ ಬಂದದ್ದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಇದರಲ್ಲೇ ಇದೆ.

ಹಾಗಾದರೆ ಎಷ್ಟು ಬಗೆ?

ಮುಖ್ಯವಾಗಿ ಮೂರು.

ಬ್ರೇಕ್ ಬ್ಯಾರಲ್: ನಳಿಕೆಯೇ ಲಿವರ್. ಬುಡದಲ್ಲಿ ಕೀಲು ಇರುತ್ತದೆ. ನಳಿಕೆಯನ್ನು ಕೆಳಕ್ಕೆ ಮಡಚಿದರೆ ಕಾಕ್ ಆಗುತ್ತದೆ, ಅದೇ ಹೊತ್ತಿಗೆ ಪೆಲೆಟ್ ಹಾಕುವ ಬಾಯಿಯೂ ತೆರೆದುಕೊಳ್ಳುತ್ತದೆ. ಜಾತ್ರೆಯ ಬಂದೂಕು ಇದೇ.

ಅಂಡರ್ ಲಿವರ್: ನಳಿಕೆ ಅಲುಗಾಡುವುದಿಲ್ಲ. ಅದರ ಕೆಳಗೆ ಒಂದು ಪ್ರತ್ಯೇಕ ಸಲಾಕೆ ಮಲಗಿರುತ್ತದೆ. ಅದನ್ನು ಕೆಳಕ್ಕೆ ಎಳೆದು ಕಾಕ್ ಮಾಡಬೇಕು.

ಸೈಡ್ ಲಿವರ್: ಇಲ್ಲೂ ನಳಿಕೆ ಸ್ಥಿರ. ಲಿವರ್ ಸಾಮಾನ್ಯವಾಗಿ ಬಲ ಪಕ್ಕದಲ್ಲಿರುತ್ತದೆ. ಬಾಗಿಲು ತೆರೆದ ಹಾಗೆ ಹೊರಕ್ಕೆ, ಹಿಂದಕ್ಕೆ ಎಳೆಯಬೇಕು.

ಸುತ್ತಿ ಬಳಸಿ ಹೇಳಬೇಡಿ. ಮೊದಲ ಸಲಕ್ಕೆ ಯಾವುದು?

ಬ್ರೇಕ್ ಬ್ಯಾರಲ್. ಅದರಲ್ಲೂ ಕಡಿಮೆ ಶಕ್ತಿಯದು.

ಭಾಗಗಳು ಕಡಿಮೆ, ತೂಕ ಕಡಿಮೆ, ಬೆಲೆ ಕಡಿಮೆ. ಪೆಲೆಟ್ಟನ್ನು ಕಣ್ಣಿಗೆ ಕಾಣುವ ಹಾಗೆ ನೇರವಾಗಿ ನಳಿಕೆಯ ಬಾಯಿಗೆ ಒತ್ತಬಹುದು. ಕೆಟ್ಟರೆ ರಿಪೇರಿ ಮಾಡುವವರು ಸಿಗುತ್ತಾರೆ. ನಮ್ಮ ದೇಶದಲ್ಲಿ ತಯಾರಾಗುವ ಸ್ಪ್ರಿಂಗ್ ರೈಫಲ್ಲುಗಳಲ್ಲಿ ಜಾಸ್ತಿ ಇರುವುದೂ ಇದೇ ಬಗೆ. ಅಂಡರ್ ಲಿವರ್, ಸೈಡ್ ಲಿವರ್ ಬೇಕೆಂದರೆ ಆಯ್ಕೆ ಕಡಿಮೆ. ಹೊರದೇಶದ ಒಳ್ಳೆಯ ಮಾಡೆಲ್ಲುಗಳು ಇಲ್ಲಿ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ.

ಇದಕ್ಕೆ ಹೊರತಾದವರು ಇಲ್ಲವೆಂದಲ್ಲ. ನೀವು ಯಾವಾಗಲೂ ಮೇಜಿನ ಮುಂದೆ ಕೂತು, ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಿ, ಕಾಗದದ ಮೇಲೆ ಏಟುಗಳೆಲ್ಲ ಒಂದೇ ಕಡೆ ಒತ್ತಾಗಿ ಬೀಳುವುದನ್ನಷ್ಟೇ ಬಯಸುತ್ತೀರಿ, 4 ಕಿಲೋ ತೂಕ ನಿಮಗೆ ಲೆಕ್ಕಕ್ಕಿಲ್ಲ ಅಂದರೆ ಅಂಡರ್ ಲಿವರ್ ನೋಡಿ. ಆದರೆ ನನ್ನನ್ನು ಕೇಳುವವರಲ್ಲಿ ಹೆಚ್ಚಿನವರು ಹಿತ್ತಲಲ್ಲಿ ನಿಂತು ಹೊಡೆಯುವವರು.

ಪ್ರತಿ ಸಲ ನಳಿಕೆಯನ್ನೇ ಮಡಚಿದರೆ ಗುರಿ ತಪ್ಪುವುದಿಲ್ಲವೇ?

ಎಲ್ಲರಿಗೂ ಬರುವ ಅನುಮಾನ ಇದು. ಹೊಸದೇನೂ ಅಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬಂದೂಕು ತಯಾರಕ ಲಿಂಕನ್ ಜೆಫ್ರೀಸ್ 1904ರ ಹೊತ್ತಿಗೆ ಸ್ಥಿರ ನಳಿಕೆಯ ಅಂಡರ್ ಲಿವರ್ ವಿನ್ಯಾಸಕ್ಕೆ ಪೇಟೆಂಟ್ ಪಡೆದರು. ಅದನ್ನು ಬಿಎಸ್‌ಎ (ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್) ಕಾರ್ಖಾನೆ ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ನಮ್ಮಲ್ಲಿ ಅಜ್ಜನ ಕಾಲದ ಮನೆಗಳಲ್ಲಿ ಅಟ್ಟದ ಮೇಲೆ ಸಿಗುವ ಹಳೆಯ ಏರ್‌ಗನ್ನುಗಳಲ್ಲಿ ಬಿಎಸ್‌ಎ ಹೆಸರು ಆಗಾಗ ಕಾಣುತ್ತದೆ. ನಳಿಕೆ ಅಲುಗದಿದ್ದರೆ ಗುರಿಯೂ ಅಲುಗುವುದಿಲ್ಲ ಎಂಬುದೇ ಆ ವಿನ್ಯಾಸದ ಹೆಗ್ಗಳಿಕೆ.

ತತ್ವದ ಮಟ್ಟಿಗೆ ಅದು ನಿಜ. ಆದರೆ ಇವತ್ತಿನ ಒಳ್ಳೆಯ ಬ್ರೇಕ್ ಬ್ಯಾರಲ್ ರೈಫಲ್ಲಿನಲ್ಲಿ ನಳಿಕೆಯನ್ನು ಸ್ಪ್ರಿಂಗ್ ಇರುವ ಒಂದು ಬೆಣೆ ಅಥವಾ ಉಕ್ಕಿನ ಗೋಲಿ ಪ್ರತಿಸಲ ಒಂದೇ ಜಾಗಕ್ಕೆ ತಂದು ಕೂರಿಸುತ್ತದೆ. ಜರ್ಮನಿಯ ವೈರಾಖ್ ಕಂಪನಿ 1951ರ ಎಚ್‌ಡಬ್ಲ್ಯೂ 35ರಲ್ಲಿ ಕೈಯಿಂದಲೇ ಬಿಡಿಸಬೇಕಾದ ಬೀಗವನ್ನೇ ಇಟ್ಟಿತ್ತು. ಕೀಲು ಬಿಗಿಯಾಗಿದ್ದರೆ 10 ಮೀಟರಿನಲ್ಲಿ ಮಡಚುವ ನಳಿಕೆಗೂ ಸ್ಥಿರ ನಳಿಕೆಗೂ ಇರುವ ವ್ಯತ್ಯಾಸ ಹೊಸಬರ ಕೈಯ ನಡುಕದ ಮುಂದೆ ಏನೇನೂ ಅಲ್ಲ.

ಇನ್ನೊಂದು ವಿಷಯ. ಹಿಂದಿನ ಸೈಟ್, ಮುಂದಿನ ಸೈಟ್ (ಗುರಿ ಹಿಡಿಯಲು ಕಣ್ಣಿಟ್ಟು ನೋಡುವ ಗುರುತುಗಳು) ಎರಡೂ ನಳಿಕೆಯ ಮೇಲೇ ಇದ್ದರೆ ನಳಿಕೆ ಕೂದಲೆಳೆಯಷ್ಟು ಬಾಗಿ ಕೂತರೂ ಸೈಟುಗಳೂ ಅದರ ಜೊತೆಗೇ ಬಾಗುತ್ತವೆ. ಲೆಕ್ಕ ಸರಿಹೋಗುತ್ತದೆ. ತೊಂದರೆ ಬರುವುದು ಸ್ಕೋಪ್ ಹಾಕಿದಾಗ.

ಸ್ಕೋಪ್ ಹಾಕಿದರೆ ಏನು ತೊಂದರೆ?

ಸ್ಕೋಪ್ ಕೂರುವುದು ಹಿಂದಿನ ಕೊಳವೆಯ ಮೇಲೆ, ಪೆಲೆಟ್ ಹೋಗುವುದು ಮುಂದಿನ ನಳಿಕೆಯಲ್ಲಿ. ಬ್ರೇಕ್ ಬ್ಯಾರಲ್ಲುಗಳಲ್ಲಿ ನಳಿಕೆ ಸ್ವಲ್ಪ ಕೆಳಮುಖವಾಗಿ ಕೂರುವುದು ಸಾಮಾನ್ಯ. ಆಗ ಸ್ಕೋಪಿನ ತಿರುಗಣೆ ಕೊನೆಯವರೆಗೆ ತಿರುಗಿಸಿದರೂ ಏಟು ಕೆಳಗೇ ಬೀಳುತ್ತದೆ. ಇದಕ್ಕೆಂದೇ ಸ್ಕೋಪನ್ನು ಹಿಡಿದು ಕೂರಿಸುವ, ಹಿಂಬದಿ ಎತ್ತರವಿರುವ ಮೌಂಟುಗಳು ಸಿಗುತ್ತವೆ.

ಸ್ಪ್ರಿಂಗ್ ರೈಫಲ್ಲಿನ ಒದೆತವೂ ವಿಚಿತ್ರ. ಪಿಸ್ಟನ್ ಮುಂದೆ ಹಾರುವಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ಕೊನೆ ಮುಟ್ಟಿದಾಗ ಇಡೀ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಈ ಎರಡು ಬಗೆಯ ಏಟಿಗೆ ಸಾದಾ ಸ್ಕೋಪಿನ ಒಳಗಿನ ಗಾಜು ಸಡಿಲವಾಗುತ್ತದೆ. ದೊಡ್ಡ ಬಂದೂಕಿಗೆ ಬಾಳಿಕೆ ಬರುವ ಸ್ಕೋಪ್ ಕೂಡ ಸ್ಪ್ರಿಂಗ್ ರೈಫಲ್ ಮೇಲೆ ಕೆಟ್ಟುಹೋಗುವುದುಂಟು. ಸ್ಪ್ರಿಂಗ್ ರೈಫಲ್ಲಿಗೇ ಅಂತ ಬರೆದಿರುವುದನ್ನು ಮಾತ್ರ ಕೊಳ್ಳಿ. ನನ್ನ ಮಾತು ಕೇಳುವುದಾದರೆ ಮೊದಲ ಆರು ತಿಂಗಳು ಸ್ಕೋಪೇ ಬೇಡ.

ಕಾಕ್ ಮಾಡಲು ಎಷ್ಟು ಬಲ ಬೇಕು?

ಸಾಧುವಾದ ಸಣ್ಣ ರೈಫಲ್ಲಿಗೆ ಸುಮಾರು 8ರಿಂದ 10 ಕಿಲೋ ಎಳೆತ ಸಾಕು. ಮಧ್ಯಮ ಶಕ್ತಿಯದಕ್ಕೆ 15 ಕಿಲೋ ಆಸುಪಾಸು. ಅಬ್ಬರದವಕ್ಕೆ 20 ಕಿಲೋ ದಾಟುತ್ತದೆ.

ಅಂಗಡಿಯಲ್ಲಿ ಒಂದು ಸಲ ಎಳೆದು "ಅಯ್ಯೋ ಇದೇನು ಮಹಾ" ಅನ್ನುವವರೇ ಜಾಸ್ತಿ. ಲೆಕ್ಕ ಹಾಕಿ ನೋಡಿ. ಒಂದು ಸಂಜೆ 40 ಪೆಲೆಟ್ ಹೊಡೆಯುತ್ತೀರಿ ಅಂತಿಟ್ಟುಕೊಳ್ಳಿ. 15 ಕಿಲೋ ರೈಫಲ್ಲಾದರೆ ಒಟ್ಟು 600 ಕಿಲೋ ಎಳೆದಿರುತ್ತೀರಿ. ಆರು ಕ್ವಿಂಟಾಲ್! ಇಪ್ಪತ್ತನೇ ಏಟಿನ ಹೊತ್ತಿಗೆ ತೋಳು ನಡುಗುತ್ತದೆ. ನಡುಗುವ ತೋಳಿನಲ್ಲಿ ಗುರಿ ಹಿಡಿಯುವುದು ಹೇಗೆ? ರೈಫಲ್ ಸರಿಯಿಲ್ಲ ಅಂತ ಅಂಗಡಿಗೆ ಫೋನ್ ಮಾಡುವವರಲ್ಲಿ ಅರ್ಧ ಜನರ ಕಥೆ ಇದೇ ಅಂತ ನನ್ನ ಗುಮಾನಿ.

ಬ್ರೇಕ್ ಬ್ಯಾರಲ್ಲಿನಲ್ಲಿ ನಳಿಕೆ ಉದ್ದವಿದ್ದಷ್ಟೂ ಎಳೆತ ಹಗುರ. ಹಾರೆಕೋಲಿನ ಲೆಕ್ಕ. ತುದಿಯ ಹತ್ತಿರ ಹಿಡಿಯಿರಿ, ನಡುವೆ ಹಿಡಿದು ಒದ್ದಾಡಬೇಡಿ. ಬಲಗೈಯವರು ಬಲಗೈಯಲ್ಲಿ ಹಿಡಿ ಹಿಡಿದು, ರೈಫಲ್ಲಿನ ಹಿಂಬದಿಯನ್ನು ತೊಡೆಗೋ ಸೊಂಟಕ್ಕೋ ಆನಿಸಿ, ಎಡಗೈಯಿಂದ ನಳಿಕೆಯನ್ನು ಒಂದೇ ಸಮನೆ ಎಳೆಯಬೇಕು. ಬೆರಳು ಟ್ರಿಗರ್ ಹತ್ತಿರವೂ ಸುಳಿಯಬಾರದು. ಕಟಕ್ ಅನ್ನುವವರೆಗೆ ಪೂರ್ತಿ ಎಳೆಯಿರಿ. ಅರ್ಧಕ್ಕೆ ಬಿಟ್ಟರೆ ನಳಿಕೆ ಹಿಂದಕ್ಕೆ ಬಡಿಯುತ್ತದೆ.

ಪೆಟ್ಟಿಗೆ ಮೇಲೆ 1000 ಎಫ್‌ಪಿಎಸ್ ಅಂತ ಬರೆದಿದೆ. ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ?

ಅಲ್ಲ. ಆ ಅಂಕಿ ಬಹಳ ಸಲ ಹಗುರ ಲೋಹದ ಪೆಲೆಟ್ ಹಾಕಿ ಅಳೆದದ್ದು. ಸೆಕೆಂಡಿಗೆ 1000 ಅಡಿ ಅಂದರೆ ಸುಮಾರು 305 ಮೀಟರ್. ಅರ್ಧ ಗ್ರಾಮ್ ಚಿಲ್ಲರೆ ತೂಗುವ ಮಾಮೂಲಿ ಸೀಸದ ಪೆಲೆಟ್ ಆ ವೇಗದಲ್ಲಿ ಹೋದರೆ ಅದರ ಶಕ್ತಿ 20 ಜೂಲ್ ದಾಟುತ್ತದೆ, ಅಂದರೆ ಲೈಸೆನ್ಸ್ ಬೇಡದ ರೈಫಲ್ಲಿಗೆ ನಮ್ಮ ಕಾನೂನು ಹಾಕಿದ ಗೆರೆಯನ್ನೇ ದಾಟುತ್ತದೆ. ಕಾಗದಕ್ಕೆ ತೂತು ಮಾಡಲು ಅಷ್ಟೆಲ್ಲ ಬೇಕಾಗಿಲ್ಲ. ಜರ್ಮನಿಯಲ್ಲಿ ಲೈಸೆನ್ಸ್ ಬೇಡದ ಏರ್ ರೈಫಲ್ಲಿಗೆ 7.5 ಜೂಲ್ ಮಿತಿ. ಅದೇ ದೇಶ ಜಗತ್ತಿನ ಅತಿ ಒಳ್ಳೆಯ ಏರ್ ರೈಫಲ್ಲುಗಳನ್ನು ಮಾಡುತ್ತದೆ, ಅದನ್ನು ಗಮನಿಸಿ.

ಶಕ್ತಿ ಜಾಸ್ತಿಯಾದರೆ ಸ್ಪ್ರಿಂಗ್ ಗಟ್ಟಿ, ಎಳೆತ ಗಟ್ಟಿ, ಒದೆತವೂ ಗಟ್ಟಿ. ಮೂರೂ ಹೊಸಬರ ವೈರಿಗಳೇ.

ಅಂಡರ್ ಲಿವರಿನಲ್ಲಿ ಬೆರಳು ಕತ್ತರಿಸಿ ಹೋಗುತ್ತದೆ ಅಂತಾರೆ. ನಿಜವೇ?

ಹೆದರಿಸಲು ಹೇಳಿದ ಮಾತಲ್ಲ, ನಿಜ. ಹೇಗೆ ಅಂತ ತಿಳಿದುಕೊಂಡರೆ ತಪ್ಪಿಸುವುದೂ ಸುಲಭ.

ಸ್ಥಿರ ನಳಿಕೆಯ ಇವತ್ತಿನ ರೈಫಲ್ಲುಗಳಲ್ಲಿ ಲಿವರ್ ಎಳೆದಾಗ ಒಳಗಿನ ಕೊಳವೆಯೇ ಹಿಂದಕ್ಕೆ ಜಾರುತ್ತದೆ. ನಳಿಕೆಯ ಬುಡ ಕಾಣಿಸುತ್ತದೆ. ಆ ಸಂದಿಯಲ್ಲಿ ಬೆರಳು ಹಾಕಿ ಪೆಲೆಟ್ ಕೂರಿಸಬೇಕು. ಆ ಹೊತ್ತಿಗೆ ಪಿಸ್ಟನ್ ಹಿಡಿದಿರುವ ಕೊಂಡಿ ಜಾರಿತು ಅಂದುಕೊಳ್ಳಿ. ಅಷ್ಟು ಬಲದ ಸ್ಪ್ರಿಂಗಿನ ಜೊತೆ ಉಕ್ಕಿನ ಕೊಳವೆ ಮುಂದಕ್ಕೆ ಬಡಿಯುತ್ತದೆ. ನಡುವೆ ನಿಮ್ಮ ಬೆರಳು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಗತಿ.

ಅದಕ್ಕೇ ಒಳ್ಳೆಯ ಕಂಪನಿಗಳು ಎರಡನೆಯ ಹಿಡಿತವೊಂದನ್ನು ಇಟ್ಟಿರುತ್ತವೆ. ಲಿವರ್ ಎಳೆಯುವಾಗ ಕಟಕಟ ಅಂತ ಹಲ್ಲುಗಳು ಕಚ್ಚುತ್ತ ಹೋಗುತ್ತವೆ, ಅಥವಾ ಒಂದು ಗುಂಡಿ ಒತ್ತದೆ ಲಿವರ್ ವಾಪಸ್ ಬರುವುದೇ ಇಲ್ಲ. ಟ್ರಿಗರ್ ಒತ್ತಿದರೂ ಲಿವರ್ ತೆರೆದಿರುವಾಗ ರೈಫಲ್ ಹಾರದ ಹಾಗೆ ವ್ಯವಸ್ಥೆ ಇರುತ್ತದೆ. ತೀರಾ ಅಗ್ಗದ ಸ್ಥಿರ ನಳಿಕೆಯ ರೈಫಲ್ಲುಗಳನ್ನು ನಾನು ಯಾರಿಗೂ ಹೇಳದಿರುವುದಕ್ಕೆ ಕಾರಣ ಇಷ್ಟೇ. ದುಡ್ಡು ಉಳಿಸುವ ತಯಾರಕರು ಮೊದಲು ಕೈ ಹಾಕುವುದು ಇಂಥ ಕಣ್ಣಿಗೆ ಕಾಣದ ಭಾಗಗಳಿಗೆ.

ಏನೇ ಹಿಡಿತ ಇರಲಿ, ಒಂದು ಅಭ್ಯಾಸ ಬಿಡಬೇಡಿ. ಪೆಲೆಟ್ ಹಾಕುವಾಗ ಇನ್ನೊಂದು ಕೈ ಲಿವರನ್ನು ಗಟ್ಟಿಯಾಗಿ ಹಿಡಿದೇ ಇರಬೇಕು. ಪೆಲೆಟ್ ಕೆಳಗೆ ಬಿದ್ದರೆ ಬೀಳಲಿ. ಬಗ್ಗಿ ಹೆಕ್ಕಲು ಹೋಗಿ ಲಿವರ್ ಬಿಡಬೇಡಿ.

ಬ್ರೇಕ್ ಬ್ಯಾರಲ್ಲಿನಲ್ಲಿ ಈ ಅಪಾಯ ಇಲ್ಲವೇ?

ಬೇರೆ ರೂಪದಲ್ಲಿ ಇದೆ. ನಳಿಕೆ ಮಡಚಿರುವಾಗ ಟ್ರಿಗರ್ ಒತ್ತಿದರೆ ನಳಿಕೆ ಚಿಮ್ಮಿ ಮೇಲಕ್ಕೆ ಬಡಿಯುತ್ತದೆ. ನನ್ನ ಮೊದಲ ರೈಫಲ್ ಹೋದದ್ದು ಹಾಗೇ. ಸೆಕೆಂಡ್ ಹ್ಯಾಂಡ್ ತಂದಿದ್ದೆ, ಟ್ರಿಗರ್ ಸವೆದಿತ್ತು, ನೋಡಿಕೊಳ್ಳಲಿಲ್ಲ. ಮಡಚಿ ಪೆಲೆಟ್ ಡಬ್ಬಿಗೆ ಕೈ ಚಾಚಿದ್ದೇ ತಡ, ಫಟ್! ಮುಖಕ್ಕೆ ತಾಗಲಿಲ್ಲ, ಪುಣ್ಯ. ಮರದ ಹಿಡಿ ಕೀಲಿನ ಹತ್ತಿರ ಸೀಳಿತು. ನಳಿಕೆ ಬಾಳೆಗೊನೆಯ ದಂಟಿನ ಹಾಗೆ ಬಾಗಿತ್ತು. ಆಮೇಲೆ ಅದರ ಏಟು ಯಾವಾಗಲೂ ಗುರಿಗಿಂತ ಗೇಣು ಮೇಲೆ.

ಇಲ್ಲೂ ನಿಯಮ ಒಂದೇ. ಪೆಲೆಟ್ ಹಾಕಿ ಮುಚ್ಚುವವರೆಗೆ ನಳಿಕೆಯಿಂದ ಕೈ ತೆಗೆಯಬೇಡಿ.

ಸೈಡ್ ಲಿವರ್ ಯಾರಿಗೆ?

ಮಲಗಿ ಹೊಡೆಯುವವರಿಗೆ, ಮೇಜಿನ ಮೇಲಿಟ್ಟು ಹೊಡೆಯುವವರಿಗೆ. ಬ್ರೇಕ್ ಬ್ಯಾರಲ್ ಮಡಚಲು ರೈಫಲ್ಲನ್ನು ಪ್ರತಿಸಲ ಎತ್ತಬೇಕು, ನಳಿಕೆಯ ಬಾಯಿ ಸುತ್ತಾಡುತ್ತದೆ. ಸೈಡ್ ಲಿವರಿನಲ್ಲಿ ನಳಿಕೆ ಗುರಿಯ ಕಡೆಗೇ ಇರುತ್ತದೆ. ಸಾಲಾಗಿ ಜನ ನಿಂತು ಹೊಡೆಯುವ ಕಡೆ ಇದು ದೊಡ್ಡ ಅನುಕೂಲ.

ಅದಕ್ಕೇ ಇರಬೇಕು, ಒಂದು ಕಾಲದಲ್ಲಿ ಸ್ಪರ್ಧೆಗಳಲ್ಲಿ ಇದರದ್ದೇ ಆಳ್ವಿಕೆ. ಜರ್ಮನಿಯ ಫೈನ್‌ವೆರ್ಕ್‌ಬೌ 300 ಎಸ್ 1970ರ ದಶಕದ ಹೆಸರಾಂತ ಸೈಡ್ ಲಿವರ್. ಅದರ ಯಂತ್ರಭಾಗ ಇಡಿಯಾಗಿ ಹಳಿಯ ಮೇಲೆ ಹಿಂದಕ್ಕೆ ಜಾರಿ ಒದೆತವನ್ನು ನುಂಗುತ್ತಿತ್ತು. ಭುಜಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ. ಅದನ್ನು ಇವತ್ತಿಗೂ ಜೋಪಾನ ಮಾಡಿ ಇಟ್ಟುಕೊಂಡವರಿದ್ದಾರೆ.

10 ಮೀಟರ್ ಏರ್ ರೈಫಲ್ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. ಅಷ್ಟರಲ್ಲೇ ಸ್ಪ್ರಿಂಗನ್ನು ಬಿಟ್ಟು, ಗಾಳಿಯನ್ನು ಮೊದಲೇ ಅದುಮಿಟ್ಟುಕೊಳ್ಳುವ ರೈಫಲ್ಲುಗಳು ಮುಂದೆ ಬಂದಿದ್ದವು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಸ್ಪ್ರಿಂಗ್ ರೈಫಲ್ಲಿನಲ್ಲಿ ಅಲ್ಲ. ಹಾಗಾಗಿ "ಒಲಿಂಪಿಕ್ಸ್ ಅಭ್ಯಾಸಕ್ಕೆ ಯಾವ ಸ್ಪ್ರಿಂಗ್ ರೈಫಲ್ ಕೊಳ್ಳಲಿ" ಅಂತ ಕೇಳಿದರೆ ನನ್ನ ಉತ್ತರ: ಯಾವುದೂ ಬೇಡ. ನೇರ ರೈಫಲ್ ಕ್ಲಬ್ಬಿಗೆ ಹೋಗಿ, ಅಲ್ಲಿಯ ರೈಫಲ್ ಹಿಡಿಯಿರಿ. ಆ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್.

ಸೈಡ್ ಲಿವರಿನ ಕೊರತೆಯೆಂದರೆ ಲಿವರಿನ ತೂಕವೆಲ್ಲ ಒಂದು ಪಕ್ಕಕ್ಕೆ. ನಿಂತು ಹೊಡೆಯುವಾಗ ರೈಫಲ್ ಬಲಕ್ಕೆ ವಾಲುತ್ತದೆ.

ನಾನು ಎಡಚ. ಯಾವುದು ಒಳ್ಳೆಯದು?

ಬ್ರೇಕ್ ಬ್ಯಾರಲ್ ಅಥವಾ ಅಂಡರ್ ಲಿವರ್. ಲಿವರ್ ಸಾಮಾನ್ಯವಾಗಿ ಬಲಕ್ಕೇ ಇರುವುದರಿಂದ ಸೈಡ್ ಲಿವರ್ ನಿಮ್ಮ ಪಾಲಿಗಲ್ಲ. ಕೆನ್ನೆ ಆನಿಸುವ ಉಬ್ಬು ಎರಡೂ ಕಡೆ ಇದೆಯೇ ಅಂತಲೂ ನೋಡಿಕೊಳ್ಳಿ.

ಗ್ಯಾಸ್ ರಾಮ್ ಅಂದರೆ ಏನು? ಅದು ನಾಲ್ಕನೇ ಬಗೆಯೇ?

ಕಾಕ್ ಮಾಡುವ ಬಗೆಯಲ್ಲ. ಸ್ಪ್ರಿಂಗಿನ ಜಾಗದಲ್ಲಿ ಗ್ಯಾಸ್ ತುಂಬಿದ ಸಿಲಿಂಡರ್ ಇರುತ್ತದೆ, ಅಷ್ಟೇ. ಕಾರಿನ ಡಿಕ್ಕಿ ಬಾಗಿಲನ್ನು ಎತ್ತಿ ಹಿಡಿಯುವ ಕೊಳವೆ ನೋಡಿದ್ದೀರಲ್ಲ, ಅದರ ಅಣ್ಣ. ಸ್ಪ್ರಿಂಗಿನ ಹಾಗೆ ಜುಮ್ಮೆನ್ನುವ ಕಂಪನ ಇಲ್ಲ. ಆದರೆ ಎಳೆಯಲು ಶುರುವಿನಿಂದಲೇ ಗಟ್ಟಿ. ಸ್ಪ್ರಿಂಗ್ ಮೊದಲು ಹಗುರವಾಗಿದ್ದು ಕೊನೆಗೆ ಗಟ್ಟಿಯಾಗುತ್ತದೆ. ಗ್ಯಾಸ್ ಸೋರಿದರೆ ಇಡೀ ಭಾಗವನ್ನೇ ಬದಲಿಸಬೇಕು, ಸ್ಪ್ರಿಂಗಾದರೆ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಮೊದಲ ರೈಫಲ್ಲಿಗೆ ನಾನು ಸ್ಪ್ರಿಂಗ್ ಪರ.

ಲೈಸೆನ್ಸ್ ಬೇಕೇ?

2016ರ ಆಯುಧ ನಿಯಮಗಳ ಪ್ರಕಾರ 4.5 ಮಿಲಿಮೀಟರ್, ಅಂದರೆ ಪಾಯಿಂಟ್ 177 ಅಳತೆಯ, 20 ಜೂಲ್ ಮೀರದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಇದಕ್ಕಿಂತ ದಪ್ಪ ನಳಿಕೆ ಅಥವಾ ಹೆಚ್ಚು ಶಕ್ತಿಯಾದರೆ ಬೇಕು. ಪಾಯಿಂಟ್ 22 ಏರ್ ರೈಫಲ್ಲನ್ನು "ಏನಾಗಲ್ಲ ತಗೊಳ್ಳಿ ಸಾರ್" ಅಂತ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಗುರುತಿನ ಚೀಟಿ, ವಿಳಾಸದ ದಾಖಲೆ ಕೊಟ್ಟು, ಬಿಲ್ಲಿನೊಂದಿಗೆ ಕೊಂಡು, ಆ ಬಿಲ್ಲನ್ನು ರೈಫಲ್ ಇರುವಷ್ಟು ದಿನ ಇಟ್ಟುಕೊಳ್ಳಿ. ಊರಿಂದ ಊರಿಗೆ ಒಯ್ಯುವಾಗ ಚೀಲದಲ್ಲಿ ಹಾಕಿ, ಬಿಲ್ ಜೊತೆಗಿರಲಿ. ದೂರದಿಂದ ನೋಡಿದವರಿಗೆ ಅದೂ ಬಂದೂಕೇ.

ಕೊಡಗಿನವರಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿಗಳ ವಿಷಯದಲ್ಲಿ ಇರುವ ಬೇರೆಯದೇ ವಿನಾಯಿತಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ತೋಟಕ್ಕೆ ಮಂಗ ಬರುತ್ತವೆ. ಓಡಿಸಲು ಯಾವ ಬಗೆ ಒಳ್ಳೆಯದು?

ಮಲೆನಾಡಿನಿಂದ ಬರುವ ಪ್ರಶ್ನೆಗಳಲ್ಲಿ ಅರ್ಧ ಇದೇ. ಕಷ್ಟ ಅರ್ಥವಾಗುತ್ತದೆ. ಬಾಳೆ, ಏಲಕ್ಕಿ, ಎಳನೀರು ಯಾವುದನ್ನೂ ಬಿಡುವುದಿಲ್ಲ ಅವು. ಆದರೂ ಉತ್ತರ: ಯಾವುದೂ ಅಲ್ಲ.

ಏರ್ ರೈಫಲ್ಲಿನ ಸದ್ದಿಗೆ ಮಂಗ ಹೆದರುವುದಿಲ್ಲ. ಪೆಲೆಟ್ ತಾಗಿದರೆ ಸಾಮಾನ್ಯವಾಗಿ ತಕ್ಷಣ ಸಾಯುವುದೂ ಇಲ್ಲ. ಸೀಸ ಮೈಯೊಳಗೆ ಉಳಿದು, ಕಣ್ಣು ಹೋಗಿ, ಗಾಯ ಕೊಳೆತು ದಿನಗಟ್ಟಲೆ ನರಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಪ್ರಾಣಿ, ಹಕ್ಕಿಗಳಿಗೆ ಹೊಡೆದರೆ ಕೇಸು, ನವಿಲಿಗಂತೂ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆ. ಏರ್‌ಗನ್ನಿನಿಂದ ಹಕ್ಕಿಗಳು ಖಾಲಿಯಾಗುತ್ತಿವೆ ಅಂತ ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನವನ್ನೇ ಶುರುಮಾಡಿದರು. ಜನ ತಾವಾಗೇ ತಂದು ಕೊಟ್ಟರು. ತೋಟಕ್ಕೆ ನಾಯಿ ಸಾಕಿ, ಡಬ್ಬ ಬಡಿಯಿರಿ, ಗೊನೆಗೆ ಬಲೆ ಕಟ್ಟಿ. ರೈಫಲ್ ಕಾಗದಕ್ಕೂ ಡಬ್ಬಕ್ಕೂ ಇರಲಿ.

ಮಗನಿಗೆ 12 ವರ್ಷ. ಹಗುರವಾದದ್ದು ಕೊಡಿಸಬಹುದೇ?

ಅವನ ಕೈಗೆ ಕೊಡಿಸಬೇಡಿ. ಆಸಕ್ತಿ ಇದ್ದರೆ ಕ್ಲಬ್ಬಿಗೆ ಸೇರಿಸಿ. ನಿಮ್ಮ ರೈಫಲ್ಲಿನಲ್ಲಿ ನಿಮ್ಮ ಮುಂದೆಯೇ ಹೊಡೆಯುತ್ತಾನೆಂದರೆ ಕಾಕ್ ಮಾಡುವುದೂ ಪೆಲೆಟ್ ಹಾಕುವುದೂ ನಿಮ್ಮ ಕೆಲಸ. ನಳಿಕೆ ಅರ್ಧ ಮಡಚಿ ಬಲ ಸಾಲದೆ ಕೈಬಿಡುವುದು ಮಕ್ಕಳೇ.

ಅಂಗಡಿಯಲ್ಲಿ ಏನೇನು ನೋಡಬೇಕು?

ಬ್ರೇಕ್ ಬ್ಯಾರಲ್ಲಾದರೆ ಮುಚ್ಚಿದ ಮೇಲೆ ನಳಿಕೆಯನ್ನು ಎಡಕ್ಕೆ ಬಲಕ್ಕೆ ಅಲುಗಿಸಿ. ಸ್ವಲ್ಪವೂ ಲೊಡಲೊಡ ಅನ್ನಬಾರದು. ಕೀಲಿಗೆ ಬೋಲ್ಟ್ ಇದೆಯೋ ಬರೀ ಪಿನ್ನೋ ನೋಡಿ. ಬೋಲ್ಟಾದರೆ ಸವೆದಾಗ ಬಿಗಿ ಮಾಡಬಹುದು, ಪಿನ್ನಾದರೆ ಆಗುವುದಿಲ್ಲ. ನಳಿಕೆಯ ಬುಡದಲ್ಲಿ ಒಂದು ರಬ್ಬರ್ ಉಂಗುರ ಇರುತ್ತದೆ. ಅದು ಹರಿದಿರಬಾರದು. ಹಳೆಯ ರೈಫಲ್ಲಾದರೆ ತೆಳು ಕಾಗದದ ಚೂರನ್ನು ಕೀಲಿನ ಮೇಲಿಟ್ಟು, ಪೆಲೆಟ್ ಹಾಕಿ ಹೊಡೆಯಲು ಹೇಳಿ. ಕಾಗದ ಹಾರಿದರೆ ಗಾಳಿ ಅಲ್ಲಿ ಸೋರುತ್ತಿದೆ. ಉಂಗುರ ಬದಲಿಸಿದರೆ ಸರಿಹೋಗುತ್ತದೆ, ಆ ನೆಪದಲ್ಲಿ ಬೆಲೆ ಇಳಿಸಿ ಕೇಳಿ.

ಒಂದು ಸಲ ಅಲ್ಲ, ಹತ್ತು ಸಲ ಕಾಕ್ ಮಾಡಿ ನೋಡುತ್ತೇನೆ ಅನ್ನಿ. ಆದರೆ ಪ್ರತಿಸಲವೂ ಪೆಲೆಟ್ ಹಾಕಿ ಹೊಡೆಯಲು ಜಾಗ ಇರಬೇಕು. ಸುಮ್ನೆ ಖಾಲಿ ಹೊಡೆಯಬಾರದು.

ಖಾಲಿ ಹೊಡೆದರೆ ಏನಾಗುತ್ತದೆ?

ಪೆಲೆಟ್ ಇದ್ದರೆ ಗಾಳಿ ಒಂದು ಗಳಿಗೆ ತಡೆದು ಪಿಸ್ಟನ್ನಿಗೆ ಮೆತ್ತೆಯಾಗುತ್ತದೆ. ಇಲ್ಲದಿದ್ದರೆ ಪಿಸ್ಟನ್ ಹೋಗಿ ಗೋಡೆಗೆ ಗುದ್ದುತ್ತದೆ. ಒಳಗಿನ ಸೀಲ್ (ಪಿಸ್ಟನ್ ಸುತ್ತ ಗಾಳಿ ಸೋರದ ಹಾಗೆ ತಡೆಯುವ ಭಾಗ) ಹಾಳಾಗುತ್ತದೆ, ಸ್ಪ್ರಿಂಗ್ ತುಂಡಾಗಬಹುದು.

ಕಾಕ್ ಮಾಡಿ ಇಟ್ಟರೆ ನಡೆಯುತ್ತದೆಯೇ?

ಗಂಟೆಗಟ್ಟಲೆ ಇಟ್ಟರೆ ಸ್ಪ್ರಿಂಗ್ ಸೊರಗುತ್ತದೆ. ಅದಕ್ಕಿಂತ ಮುಖ್ಯ, ಮನೆಯಲ್ಲಿ ಯಾರಾದರೂ ಎತ್ತಿಕೊಂಡರೆ? ಕಾಕ್ ಮಾಡಿದ್ದನ್ನು ಗುರಿಗೆ ಹೊಡೆದು ಖಾಲಿ ಮಾಡಿಯೇ ಒಳಗೆ ತನ್ನಿ.

ಹಿತ್ತಲಲ್ಲಿ ಹೊಡೆಯುವಾಗ ಹಿಂದೆ ಏನು ಇಡಬೇಕು?

ಗಟ್ಟಿ ಪೆಟ್ಟಿಗೆಯಲ್ಲಿ ಹಳೆಯ ಪತ್ರಿಕೆಗಳನ್ನು ಒತ್ತಾಗಿ ತುಂಬಿ, ಅದರ ಮುಂದೆ ಗುರಿಯ ಕಾಗದ ಅಂಟಿಸಿ. ಪೆಟ್ಟಿಗೆಯ ಹಿಂದೆ ಮಣ್ಣಿನ ದಿಬ್ಬ ಅಥವಾ ಗೋಡೆ ಇರಲೇಬೇಕು. ಬರೀ ಕಲ್ಲು, ಕಬ್ಬಿಣದ ತಗಡಿಗೆ ಹೊಡೆದರೆ ಪೆಲೆಟ್ ವಾಪಸ್ ಹಾರುತ್ತದೆ. ಬೇಲಿಯ ಕಡೆಗೆ, ಮರದ ಮೇಲಕ್ಕೆ ಹೊಡೆಯಬೇಡಿ. ತಪ್ಪಿದ ಪೆಲೆಟ್ 300 ಮೀಟರ್ ದಾಟಿಯೂ ಹೋಗಬಲ್ಲದು. ಕಣ್ಣಿಗೆ ಕನ್ನಡಕ ಇರಲಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದು ಆಮೇಲೆ ಕಾಫಿ.

ಎಣ್ಣೆ ಯಾವುದು ಹಾಕಬೇಕು? ಮಳೆಗಾಲದಲ್ಲಿ ತುಕ್ಕು ಬರುತ್ತಿದೆ.

ಹೊರಗಿನ ಲೋಹಕ್ಕೆ ಹೊಲಿಗೆ ಮಿಷನ್ ಎಣ್ಣೆ ಬಟ್ಟೆಗೆ ಹಚ್ಚಿ ಒರೆಸಿದರೆ ಸಾಕು. ಮುಟ್ಟಿದಾಗಲೆಲ್ಲ ಒರೆಸಿ, ಬೆವರಿನ ಬೆರಳಚ್ಚಿನಲ್ಲೇ ತುಕ್ಕು ಶುರುವಾಗುವುದು. ಮಳೆಗಾಲದಲ್ಲಿ ಸ್ಪಂಜು ತುಂಬಿದ ಚೀಲದಲ್ಲಿ ಮುಚ್ಚಿಡಬೇಡಿ, ಅದು ತೇವ ಹೀರಿಕೊಂಡು ಕೂರುತ್ತದೆ. ಕೀಲಿಗೆ, ಲಿವರಿನ ಸಂದಿಗೆ ತುಸು ಗ್ರೀಸ್.

ನಳಿಕೆಯ ಹಿಂದಿನ ಗಾಳಿ ತೂತಿಗೆ ಮಾತ್ರ ಏನೂ ಬಿಡಬೇಡಿ. ಕೊಬ್ಬರಿ ಎಣ್ಣೆ, ಇಂಜಿನ್ ಆಯಿಲ್ ಯಾವುದೂ ಬೇಡ. ಹಿಂಡಿದ ಗಾಳಿ ಆ ಕ್ಷಣಕ್ಕೆ ವಿಪರೀತ ಬಿಸಿಯಾಗುತ್ತದೆ. ಎಣ್ಣೆ ಹೊತ್ತಿಕೊಂಡು ಡೀಸೆಲ್ ಇಂಜಿನ್ನಿನ ಹಾಗೆ ಸಿಡಿಯುತ್ತದೆ. ದೊಡ್ಡ ಸದ್ದು ಕೇಳಿ ಖುಷಿಪಡುವವರಿದ್ದಾರೆ, ಮುಂದಿನ ವಾರ ಸೀಲ್ ಹೋಯಿತು ಅಂತ ಬರುವವರೂ ಅವರೇ. ಹೊಸ ರೈಫಲ್ಲಿನಲ್ಲಿ ಮೊದಲ ನೂರಿನ್ನೂರು ಏಟಿಗೆ ಸ್ವಲ್ಪ ಹೊಗೆ, ವಾಸನೆ ಬಂದರೆ ಗಾಬರಿ ಬೇಡ. ಕಾರ್ಖಾನೆಯಲ್ಲಿ ಹಚ್ಚಿದ್ದು ಉರಿದು ಹೋಗುತ್ತಿರುತ್ತದೆ.

ಎಲ್ಲ ಸರಿಯಾಗಿ ಮಾಡಿದರೂ ಏಟು ಚದುರುತ್ತಿದೆ. ಬ್ರೇಕ್ ಬ್ಯಾರಲ್ ಕೊಂಡದ್ದೇ ತಪ್ಪಾಯಿತೇ?

ಗಟ್ಟಿಯಾಗಿ ಹಿಡಿಯುತ್ತಿದ್ದೀರಾ? ಪೆಲೆಟ್ ನಳಿಕೆ ಬಿಡುವ ಮೊದಲೇ ಸ್ಪ್ರಿಂಗ್ ರೈಫಲ್ ಅಲುಗಿರುತ್ತದೆ. ಆ ಅಲುಗಾಟ ಪ್ರತಿಸಲ ಒಂದೇ ತರಹ ಇರಬೇಕಾದರೆ ಅದನ್ನು ತಡೆಯಬಾರದು. ಎಳೆ ಮಗುವಿನ ತಲೆಗೆ ಕೈಕೊಟ್ಟ ಹಾಗೆ ಮುಂದಿನ ಕೈಯ ಅಂಗೈಯನ್ನು ಅಡಿಯಲ್ಲಿ ಚಾಚಿ, ಬೆರಳು ಮುಚ್ಚದೆ ಹಿಡಿಯಿರಿ. ಭುಜಕ್ಕೆ ಮೆತ್ತಗೆ ಆನಿಸಿ. ರೈಫಲ್ ತನಗೆ ಬೇಕಾದ ಹಾಗೆ ಒದೆಯಲಿ. ಇದರಲ್ಲಿ ಬ್ರೇಕ್ ಬ್ಯಾರಲ್ ಸ್ವಲ್ಪ ನಾಜೂಕು. ತೂಕದ ಅಂಡರ್ ಲಿವರ್ ಹಿಡಿತದ ತಪ್ಪನ್ನು ಒಂದಿಷ್ಟು ಕ್ಷಮಿಸುತ್ತದೆ.

ಆಮೇಲೆ ಎರಡು ಮೂರು ಬಗೆಯ ಪೆಲೆಟ್ ತಂದು ನೋಡಿ. ಒಂದು ನಳಿಕೆಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ.

ಇಷ್ಟೆಲ್ಲಕ್ಕೂ ಮೊದಲು ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಮರದ ಹಿಡಿಯ ಸ್ಕ್ರೂಗಳನ್ನು ಮುಟ್ಟಿ ನೋಡಿ. ಮುಂದೆ ಎರಡು, ಟ್ರಿಗರ್ ಹತ್ತಿರ ಒಂದೋ ಎರಡೋ ಇರುತ್ತವೆ. ಸ್ಪ್ರಿಂಗಿನ ಒದೆತಕ್ಕೆ ಅವು ಬೇಗ ಸಡಿಲಾಗುತ್ತವೆ. ನನಗೆ ಬಂದ ಇಂಥ ದೂರುಗಳಲ್ಲಿ ಬಹಳಷ್ಟು ಅಲ್ಲೇ ಮುಗಿದಿವೆ.